ಸಕ್ಕರಿ ಬಿಡ್ರಿ, ಇಲ್ಲಾ ಕಾಲು ಬಿಡ್ರಿ

ಎಲ್ಲಿಗೆ ಹೋದರೂ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಡುವುದಿಲ್ಲ. ನಾನು ಕರೆದದ್ದೂ ಇಲ್ಲ, ಹುಡುಕಿದ್ದೂ ಇಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ಎಲ್ಲಿಯೂ ನೆಟ್ಟಗೆ ನಿಲ್ಲಲಿಲ್ಲ. ಚಾದಂಗಡಿಯಲ್ಲಿ ಕಪ್ಪು ತೊಳೆದೆ, ಲಾರಿ ಕ್ಲೀನರ್ ಆದೆ, ಒಂದು ಹಂಗಾಮು ನಾಟಕ ಕಂಪನಿಯಲ್ಲಿ ಪರದೆ ಎಳೆದೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಆ ವರ್ಷಗಳಲ್ಲಿ ವಿಜಾಪುರದಲ್ಲಿ ಒಂದು ಬಾಡಿಗೆ ಜೀಪು ಹೊಡೆಯುತ್ತಿದ್ದೆ. ಈಗ ಹೇಳುವುದೆಲ್ಲ ಆ ಜೀಪಿನ ಕಾಲದ್ದು. ನಡೆಯುವಾಗ ನಗು ಬಂದದ್ದು ಅಪರೂಪ. ಎದೆ ಧಸಕ್ಕೆಂದು ಬಾಯಿ ತೆರೆದುಕೊಂಡು ನಿಂತದ್ದೇ ಹೆಚ್ಚು. ನಗು ಬಂದದ್ದು ಆಮೇಲೆ.

ಆ ಜೀಪಿನಲ್ಲಿ ಎಲ್ಲರಿಗಿಂತ ಹೆಚ್ಚು ಕೂತವರು ತಿಕೋಟಾದ ಕಾಕಾ. ನನಗೆ ಸಂಬಂಧಿಕರೇನಲ್ಲ, ಊರಿಗೆಲ್ಲ ಕಾಕಾ. ಹೊಲವನ್ನು ಮಗ ನೋಡಿಕೊಳ್ಳುತ್ತಿದ್ದ. ಕಾಕಾನ ಕೆಲಸವೇನಿದ್ದರೂ ಮದುವೆ ಸಂಬಂಧ ಕೂಡಿಸುವುದು. ಗಂಡಿನವರು, ಹೆಣ್ಣಿನವರು ಎಷ್ಟೇ ಜಗ್ಗಾಡಲಿ, ನಡುವೆ ಕಾಕಾ ಕೂತರೆ ಹೊತ್ತು ಮುಳುಗುವುದರೊಳಗೆ ಹೊಂದಿಕೆ. ಮಾತು ಮುಗಿಯಿತು ಅನ್ನುವುದಕ್ಕೆ ನಮ್ಮಲ್ಲಿ ಗುರುತು ಒಂದೇ. ಎರಡೂ ಕಡೆಯ ಹಿರಿಯರು ಎದ್ದು ನಿಂತು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಬೇಕು. ಸಕ್ಕರೆ ನಾಲಿಗೆಗೆ ತಾಗಿದ ಮೇಲೆ ಮಾತು ಮುರಿಯುವ ಹಾಗಿಲ್ಲ. ನಡುವೆ ನಿಂತ ಕಾಕಾನಿಗಂತೂ ಎರಡೂ ಕಡೆಯಿಂದ ಒಂದೊಂದು ಮುಷ್ಟಿ. ಅವರು ಆವರೆಗೆ ತಿಂದ ಸಕ್ಕರೆಯನ್ನು ಒಂದು ಕಡೆ ಸುರಿದಿದ್ದರೆ ನನ್ನ ಜೀಪು ಅದರಲ್ಲಿ ಹುಗಿದುಹೋಗುತ್ತಿತ್ತು.

೧. ಡಾಕ್ಟರಿಗೆ ಹೆಂಗ ಗೊತ್ತಾತು?

ಹೊಸ ಚಪ್ಪಲಿ ಕಚ್ಚಿ ಕಾಕಾನ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಅರಿಷಿಣ ಹಚ್ಚಿದರು, ಬೇವಿನ ಎಣ್ಣೆ ಹಚ್ಚಿದರು, ಅದು ಮಾಯಲೇ ಇಲ್ಲ. ಕಡೆಗೆ ಅವರ ಹೆಂಡತಿ, ನಾವೆಲ್ಲ ಚಿಗವ್ವ ಅನ್ನುತ್ತಿದ್ದೆವು, ಅವರನ್ನು ಜೀಪಿಗೆ ಹತ್ತಿಸಿ ತಾನೂ ಹತ್ತಿ ಕೂತಳು. ವಿಜಾಪುರದ ಒಬ್ಬ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಗಾಯ ನೋಡಿದವರೇ ಕಾಕಾನ ಕೈಗೆ ಒಂದು ಸೀಸೆ ಕೊಟ್ಟು ಹಿತ್ತಲಿಗೆ ಕಳಿಸಿದರು. ಸೀಸೆ ತುಂಬಿ ಬಂತು. ಅದರಲ್ಲಿ ಸ್ವಲ್ಪ ತೆಗೆದು ಎಂಥದೋ ನೀಲಿ ಔಷಧಿಗೆ ಹಾಕಿ ದೀಪದ ಮೇಲೆ ಕಾಸಿದರೆ, ನೋಡನೋಡುತ್ತ ಅದು ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹಿರ್ಯಾರ, ನೀವು ಒಂದಕ್ಕ ಹೋಗಿ ಬಂದ ಜಾಗಾದಾಗ ಇರುವಿ ಮುಕ್ಕರತಾವೇನ್ರಿ?" ಎಂದರು ಡಾಕ್ಟರು.

ಕಾಕಾನ ಮುಖ ಸುಣ್ಣವಾಯಿತು. ಮೆಲ್ಲಗೆ ನನ್ನ ಕಿವಿಗೆ ಬಾಯಿ ತಂದು, "ಲೇ, ಈ ಡಾಕ್ಟರ ನಮ್ಮ ಹಿತ್ತಲಕ್ಕ ಯಾವಾಗ ಬಂದಿದ್ದಾ?" ಎಂದರು.

"ನಿಮಗ ಸಕ್ಕರಿ ಜಡ್ಡು ಐತಿ. ಸಕ್ಕರಿ ಬಿಡ್ರಿ, ಬೆಲ್ಲ ಬಿಡ್ರಿ. ಇಲ್ಲಾ ಕಾಲು ಬಿಡ್ರಿ. ಎರಡರಾಗ ಒಂದು."

ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಮದುವೆ ಮಾತಿಗೆ ಕೂತಾಗಿನ ದನಿ ತೆಗೆದರು. "ಹಂಗ ಒಮ್ಮೆಲೆ ಕಡ್ಡಿ ಮುರದಂಗ ಮಾತಾಡಬ್ಯಾಡ್ರಿ ಸಾಹೇಬ್ರ. ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಟ್ಟಕೊಡೂಣು. ನೀವು ಒಂದ ಬೆರಳ ತಗೊಳ್ರಿ, ನನಗ ಮುಂಜಾನಿ ಚಾ ಉಳಸ್ರಿ."

ಡಾಕ್ಟರು ಚಷ್ಮಾ ತೆಗೆದರು. "ಇವರು ಏನ ಕೆಲಸ ಮಾಡ್ತಾರ್ರಿ ತಾಯಿ?"

"ಸಂಬಂಧ ಕೂಡಸ್ತಾರ್ರಿ."

"ಹಂಗಾರ ಇವರಿಗೂ ಸಕ್ಕರಿಗೂ ಇದ್ದ ಸಂಬಂಧ ಮೊದಲ ಮುರೀರಿ!"

೨. ಅಥಣಿ ರಸ್ತೆಯ ಚಾ

ತಿಕೋಟಾಕ್ಕೆ ಹಿಂತಿರುಗುವಾಗ ಅಥಣಿ ರಸ್ತೆಯಲ್ಲಿ, ಹಿಂದೆ ನಾನು ಕಪ್ಪು ತೊಳೆಯುತ್ತಿದ್ದ ಅಂಗಡಿಯ ಮುಂದೆ ಕಾಕಾ ಜೀಪು ನಿಲ್ಲಿಸು ಅಂದರು. ಬಾಯಿ ಒಣಗಿತ್ತು, ಪಾಪ.

"ಒಂದ ಚಾ, ಸಕ್ಕರಿ ಇಲ್ದ," ಅಂದೆ.

ಮಾಲಕ ಕೈಯಲ್ಲಿದ್ದ ಕಿಟ್ಲಿಯನ್ನು ಕೆಳಗಿಟ್ಟ. ಬೆಂಚಿನ ಮೇಲೆ ಕೂತವರೆಲ್ಲ ಕಪ್ಪು ಕೈಯಲ್ಲೇ ಹಿಡಿದು ನಮ್ಮ ಕಡೆ ತಿರುಗಿದರು. "ಯಾರ ಹೋದರೋ ಯಪ್ಪಾ?" ಎಂದ ಮಾಲಕ, ಸಾವಿನ ಮನೆಯಲ್ಲಿ ಕೇಳುವಷ್ಟು ಸಣ್ಣ ದನಿಯಲ್ಲಿ.

"ಯಾರೂ ಹೋಗಿಲ್ಲೋ. ಡಾಕ್ಟರ ಬ್ಯಾಡ ಅಂದಾನ."

"ನಮ್ಮ ಚಾಕ್ಕ ಹೆಸರಿಡತಾನೇನವಾ?"

ಅವನಿಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಆ ಕಿಟ್ಲಿಯಲ್ಲಿ ಹಾಲು, ಪುಡಿ, ಸಕ್ಕರೆ ಬೆಳಗಿನಿಂದ ಕೂಡಿಯೇ ಕುದಿಯುತ್ತಿದ್ದವು. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವ ದಾರಿಯೇ ಇರಲಿಲ್ಲ. ಆದರೂ ಕಾಕಾನ ಮೋರೆ ನೋಡಿ ಬೇರೆ ಪಾತ್ರೆ ತೊಳೆದು, ಒಂದೇ ಕಪ್ಪು ಮಾಡಿಕೊಟ್ಟ.

ಕಾಕಾ ಬಸಿಯಲ್ಲಿ ಸುರಿದುಕೊಂಡು ಒಂದು ಗುಟುಕು ಹೀರಿದರು. ಕಣ್ಣು ದೊಡ್ಡವಾದವು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೇಗೋ ಇಳಿಸಿ, "ಇದು ಚಾ ಅಂದ್ರ, ಇಷ್ಟ ವರ್ಷ ನೀ ನನಗ ಕುಡಿಸಿದ್ದೇನೋ?" ಎಂದು ಕೇಳಿದರು.

ಮಾಲಕ ತಲೆ ತಗ್ಗಿಸಿ ಹೇಳಿದ, "ಅದು ಪಾಕರೀ ಕಾಕಾ."

೩. ಗೂಟದ ಮೇಲಿನ ರುಮಾಲು

ಚಿಗವ್ವ ಸಕ್ಕರೆ ಡಬ್ಬಿಗೆ ಕೀಲಿ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದಳು. ನಾನೂ ಹಾಗೇ ತಿಳಿದಿದ್ದೆ. ಆದರೆ ಅಡುಗೆ ಮನೆಯಲ್ಲಿ ಒಂದೊಂದೇ ನೋಡುತ್ತ ಹೋದರೆ ಆಕೆ ಹೌಹಾರಿಬಿಟ್ಟಳು. ಮೊಸರಿಗೆ ಸಕ್ಕರೆ. ಅವಲಕ್ಕಿಗೆ ಸಕ್ಕರೆ. ಬೇಳೆ ಸಾರಿಗೆ ಬೆಲ್ಲದ ಚೂರು, ಬದನೆಕಾಯಿ ಪಲ್ಯಕ್ಕೆ ಬೆಲ್ಲ, ಹುಣಸೆ ಚಟ್ನಿಗೆ ಅದಕ್ಕಿಂತ ದೊಡ್ಡ ಬೆಲ್ಲ. "ಯವ್ವಾ, ನನ್ನ ಕೈಲೆ ನಾನ ಇವರ ಕಾಲು ಕೊಯ್ಯಾಕತ್ತಿದ್ನೆಲ್ಲೋ!" ಎಂದು ಒಲೆಯ ಮುಂದೆಯೇ ಕುಸಿದು ಕೂತಳು.

ಬೆಲ್ಲದ ಪರವಾಗಿ ಕಾಕಾ ವಾದ ಹೂಡಿದರು. "ಬೆಲ್ಲ ಅಂದ್ರ ಕಬ್ಬು. ಕಬ್ಬಂದ್ರ ಒಂದ ನಮೂನಿ ಹುಲ್ಲು. ನಮ್ಮ ಎತ್ತು ದಿನಾ ಹುಲ್ಲ ತಿಂತಾವ, ಅವುಕೇನರ ಕಾಲ ಹೋಗ್ಯಾವೇನು?"

"ಎತ್ತು ದುಡೀತಾವ. ನೀವು ಕುಂತು ತಿಂತೀರಿ," ಎಂದಳು ಚಿಗವ್ವ. ಬೆಲ್ಲವೂ ಕೀಲಿಯೊಳಗೆ ಹೋಯಿತು.

ಆದರೂ ಗಾಯ ಮಾಯಲೊಲ್ಲದು. ಒಂದು ಮುಂಜಾನೆ ನಾನು ಜೀಪು ತಂದು ಒಳಗೆ ಹೋದರೆ ಚಿಗವ್ವ ಪಡಸಾಲೆಯ ಗೋಡೆ ನೋಡುತ್ತ ಕಲ್ಲಿನಂತೆ ನಿಂತಿದ್ದಾಳೆ. ಇರುವೆಯ ಸಾಲು. ನೆಲದಿಂದ ಹೊರಟು, ಗೋಡೆ ಏರಿ, ಗೂಟಕ್ಕೆ ತೂಗುಹಾಕಿದ್ದ ಕಾಕಾನ ರುಮಾಲಿನೊಳಗೆ ಹೋಗುತ್ತಿತ್ತು. ಒಳಗಿನಿಂದ ಇನ್ನೊಂದು ಸಾಲು ಬಿಳಿ ಬಿಳಿ ಹೊತ್ತುಕೊಂಡು ಇಳಿಯುತ್ತಿತ್ತು.

ಆಕೆ ರುಮಾಲು ಇಳಿಸಿ ಒಂದು ತುದಿ ಹಿಡಿದು ಝಾಡಿಸಿದಳು. ಕಲ್ಲುಸಕ್ಕರೆ ಬಿತ್ತು. ಬತ್ತಾಸು ಬಿದ್ದವು. ಯಾವ ಮದುವೆ ಮಾತಿನದೋ, ಕಾಗದದಲ್ಲಿ ಸುತ್ತಿದ ಸಕ್ಕರೆ ಸುರಿಯಿತು. ಸುತ್ತು ಬಿಚ್ಚಿದಷ್ಟೂ ಬೀಳುತ್ತಲೇ ಇದ್ದವು.

"ಇದು ರುಮಾಲೋ, ಕಿರಾಣಿ ಅಂಗಡಿಯೋ?"

ಒಳಗೆ ಬಂದ ಕಾಕಾ ಹೆಂಡತಿಯ ಕಡೆ ನೋಡಲಿಲ್ಲ. ಗೋಡೆಯ ಕಡೆ ನೋಡಿ, "ಥೂ, ಈ ಮನ್ಯಾಗ ಇರುವಿ ಸೈತ ನಿನ್ನ ಕಡೆದಾವ!" ಎಂದರು.

ನಾನು ನಕ್ಕೆ. ಚಿಗವ್ವ ನಗಲಿಲ್ಲ. "ಊರಾನ ಹುಡುಗ್ಯಾರಿಗೆಲ್ಲಾ ಮನಿ ಹುಡಿಕಿ ಕೊಟ್ರಿ. ಮನ್ಯಾಗ ಒಬ್ಬಾಕಿ ಮಗಳದಾಳ. ಆಕಿ ಮದಿವ್ಯಾಗ ಅಕ್ಕಿಕಾಳ ಹಾಕಾಕ ಎದ್ದ ನಿಲ್ಲತೀರೋ, ಇಲ್ಲಾ ಯಾರರ ಎತಗೊಂಡ ಬರಬೇಕೋ?" ಎಂದು ಕೇಳಿ ಒಳಗೆ ಹೋದಳು.

ಕಾಕಾ ಬರಿದಾದ ರುಮಾಲನ್ನು ಮತ್ತೆ ಗೂಟಕ್ಕೆ ಹಾಕಿದರು. ಆಮೇಲೆ ಒಳಗೆ ಹೋಗಿ, ಆಕೆಯ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದರು. ಅವತ್ತಿನಿಂದ ನಿಜವಾಗಿ ಬಿಟ್ಟರು. ಗಾಯದ ಬಾಯಿ ಮೆಲ್ಲಗೆ ಒಣಗತೊಡಗಿತು. ಬರೇ ಇರುವೆಗಳಷ್ಟೇ ನಾಲ್ಕು ದಿನ ಆ ಗೂಟದ ಸುತ್ತ ಸುತ್ತಾಡಿ, ಕಾಕಾನ ಹಾಗೆಯೇ ಮೋರೆ ಇಳಿಬಿಟ್ಟುಕೊಂಡು ಹೋದವು.

೪. ಬಬಲೇಶ್ವರದ ಬೀಗರು

ಕಾಕಾನ ಮಗಳಿಗೆ ಬಬಲೇಶ್ವರದ ಒಂದು ಒಳ್ಳೆಯ ಮನೆತನ ಕೂಡಿಬಂತು. ಹುಡುಗ ಹುಡುಗಿಯನ್ನು ಒಪ್ಪಿದ, ಹುಡುಗಿ ಹುಡುಗನನ್ನು ಒಪ್ಪಿದಳು. ಗಂಡಿನವರ ಮನೆಯಲ್ಲಿ ಕೂತು ಮಾತು ಮುಗಿಸುವುದೊಂದೇ ಉಳಿದಿತ್ತು. ಮಾತು ಮುಗಿದರೆ ಸಕ್ಕರೆ!

ಜಡ್ಡಿದೆ ಎಂದು ಹೇಳೋಣವೆಂದರೆ, ಅಪ್ಪನ ಜಡ್ಡು ಮಗಳಿಗೂ ಬರುತ್ತದೆ ಎಂದು ಗಂಡಿನವರು ಒಲ್ಲೆ ಅಂದರೆ? ಹೇಳದೆ ತಿನ್ನೋಣವೆಂದರೆ ಹೆಂಡತಿಯ ತಲೆ ಮೇಲೆ ಮಾಡಿದ ಆಣೆ. ಬಬಲೇಶ್ವರದಲ್ಲಿ ಜೀಪಿನಿಂದ ಇಳಿಯುವಾಗ ಚಿಗವ್ವ ನನಗೆ, "ಅವರ ಬಾಯಿ ಮ್ಯಾಲೆ ಕಣ್ಣಿಡು. ಒಂದ ಕಾಳು ಒಳಗ ಹೋಗಬಾರದು," ಎಂದಳು. ಸಂಬಂಧ ಉಳಿಯಬೇಕು, ಕಾಲೂ ಉಳಿಯಬೇಕು, ಕಾವಲು ನಾನು!

ಬೆಲ್ಲ ನೀರು ಬಂತು. ಕಾಕಾ ನೀರಷ್ಟೇ ಕುಡಿದರು. ಚಹಾ ಬಂತು. "ಪಿತ್ತ ಆಗೇತ್ರಿ" ಎಂದರು. ಹುಡುಗನ ತಂದೆ, ನಮ್ಮ ಬೀಗರಾಗುವವರು, ತಮ್ಮ ಕಪ್ಪನ್ನೂ ಮುಟ್ಟಲಿಲ್ಲ. ಕಾಕಾ ಕುಡಿಯದಿದ್ದಕ್ಕೆ ಮುನಿಸಿಕೊಂಡರು ಅಂದುಕೊಂಡೆ. ಮಾತಿನ ನಡುವೆ ಕಾಕಾ ಎದ್ದು ಹಿತ್ತಲಿಗೆ ಹೋಗಿ ಬಂದರು. ಅವರು ಬಂದ ಕೂಡಲೆ ಬೀಗರು ಹೋಗಿ ಬಂದರು.

ಊಟದ ಹೊತ್ತಿಗೆ ಎಲ್ಲ ಮಾತು ಮುಗಿದು ಪರಾತದಲ್ಲಿ ಸಕ್ಕರೆ ಬಂತು. ಇಬ್ಬರೂ ಎದ್ದರು. ಇಬ್ಬರ ಬೆರಳಲ್ಲೂ ಚಿಟಿಕೆ ಸಕ್ಕರೆ.

"ಬಾಯಿ ತಗೀರಿ ಬೀಗರ," ಎಂದರು ಕಾಕಾ.

"ಇಲ್ರಿ, ನೀವು ತಗೀರಿ ಮೊದಲ."

"ಗಂಡಿನವರು ನೀವು. ಮಾನ ನಿಮ್ಮದು."

"ಮನಿಗೆ ಬಂದವರು ನೀವು. ನೀವ ಮೊದಲ."

ಇಬ್ಬರೂ ಕೈ ಚಾಚಿ ನಿಂತಿದ್ದಾರೆ, ಇಬ್ಬರ ತುಟಿಗಳೂ ಹೊಲಿದಂತೆ ಮುಚ್ಚಿವೆ. ಊರಿನವರ ಬಾಯಿಗೆಲ್ಲ ಸಕ್ಕರೆ ಹಾಕಿದ ಕಾಕಾ ತಮ್ಮ ಮಗಳ ಮದುವೆ ಮಾತಿನಲ್ಲಿ ಬಾಯಿ ಬಿಡಲೊಲ್ಲರು! ಕೂತ ಹಿರಿಯರಲ್ಲಿ ಗುಜುಗುಜು ಎದ್ದಿತು. "ಇಬ್ಬರ ಮನಸಿನ್ಯಾಗೂ ಏನೋ ಐತಿ," ಎಂದರೊಬ್ಬರು. ಬಾಗಿಲ ಸಂದಿಯಲ್ಲಿ ಚಿಗವ್ವನ ಮುಖದಲ್ಲಿ ರಕ್ತವಿರಲಿಲ್ಲ.

"ಒಂದಕ್ಕ ಹೋಗಿ ಬರ್ತೇನಿ," ಎಂದರು ಇಬ್ಬರೂ, ಒಂದೇ ಉಸಿರಿಗೆ.

ನಾನು ತಂಬಿಗೆ ಹಿಡಿದು ಬೆನ್ನು ಹತ್ತಿದೆ. ಹಿತ್ತಲಲ್ಲಿ ಜೋಳದ ಕಣಿಕೆಯ ಬಣವೆ. ಅದರ ಹಿಂದೆ ಹೋದವರು ಇಬ್ಬರೂ ಗಕ್ಕನೆ ನಿಂತುಬಿಟ್ಟರು. ನಾನೂ ಇಣುಕಿದೆ. ಮಾತಿನ ನಡುವೆ ಇಬ್ಬರೂ ಹೋಗಿ ಬಂದಿದ್ದ ಜಾಗ ಅದು. ಎಡಕ್ಕೊಂದು ಕಡೆ ಇರುವೆ ಮುಕ್ಕುರಿದಿದ್ದವು. ಬಲಕ್ಕೊಂದು ಕಡೆ ಇರುವೆ ಮುಕ್ಕುರಿದಿದ್ದವು.

ಬೀಗರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಗಂಟಲು ಸರಿಮಾಡಿಕೊಂಡರು. "ಆ ಕಡೆವು ನಿಮ್ಮವೇನ್ರಿ?"

"ಹೂಂ," ಎಂದರು ಕಾಕಾ. "ಈ ಕಡೆವು?"

"ನಮ್ಮವು."

ಆಮೇಲೆ ಬೀಗರು ಮೆಲ್ಲಗೆ, "ನಿಮಗ ಯಾವುದು ಹೋಗತೈತಿ ಅಂದಾರ?" ಎಂದು ಕೇಳಿದರು.

"ಕಾಲು. ನಿಮಗ?"

"ಕಣ್ಣು. ಗೊತ್ತಾದ್ರ ನೀವು ಹೆಣ್ಣ ಕೊಡೂದಿಲ್ಲಂತ ಹೆದರಿ ಸತ್ತಿದ್ನಿರಿ ಮಾರಾಯ್ರ!"

ಬಣವೆ ಹಿಡಿದುಕೊಂಡು ಇಬ್ಬರೂ ಬಿದ್ದು ಬಿದ್ದು ನಕ್ಕರು. ಒಳಗಿದ್ದವರಿಗೆ ಅದು ಬಡಿದಾಟದಂತೆ ಕೇಳಿಸಿತಂತೆ.

ತಿರುಗಿ ಬಂದ ಕಾಕಾ ಸಭೆಯಲ್ಲಿ ನಿಂತು ದನಿ ಏರಿಸಿದರು. "ಸಕ್ಕರಿ ಏನ್ರಿ, ನಾಲಿಗಿ ಮ್ಯಾಲೆ ಇಟ್ಟರ ಕರಗಿ ಹೋಗತೈತಿ. ನಮ್ಮ ಮಾತು ಮರುದಿನದ ಮಟಾ ನೆನಪಿರಬೇಕು. ಕೆಂಪ ಹಿಂಡಿ ತರ್ರಿ!"

ಹಣ್ಣು ಮೆಣಸಿನಕಾಯಿ ಅರೆದ ಹಿಂಡಿಯನ್ನು ಹುಡುಗನ ಅಜ್ಜಿ ಭರಣಿ ಸಮೇತ ತಂದಳು. ಕಾಕಾ ಬೆರಳು ಅದ್ದುವ ಮೊದಲು ಕೇಳಿದರು, "ಆಯಿ, ಇದರಾಗ ಬೆಲ್ಲ ಹಾಕೀಯೇನು?"

"ಎಲ್ಲಿ ಬೆಲ್ಲೋ ಯಪ್ಪಾ? ಇದನ್ನ ನಾಯಿ ಸೈತ ಮೂಸಿ ನೋಡಂಗಿಲ್ಲ."

ಇಬ್ಬರೂ ಒಬ್ಬರ ಬಾಯಿಗೆ ಒಬ್ಬರು ಹೆಬ್ಬೆರಳಷ್ಟು ಹಿಂಡಿ ಇಟ್ಟರು. ಕಿವಿ ಕೆಂಪಾದವು, ಮೂಗು ಸೋರಿತು, ಕಣ್ಣೀರು ಧಾರೆಯಾಗಿ ಮೀಸೆಯ ಮೇಲೆ ಇಳಿಯಿತು. ಮಾತು ಹೊರಡದೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತರು. ಅಜ್ಜಿ ಹೆಂಗಸರ ಕಡೆ ತಿರುಗಿ ಗದರಿದಳು, "ನೋಡ್ರಬೇ! ಹಡದವರು ನೀವು ಒಣಾ ಕಣ್ಣಿಲೆ ನಿಂತೀರಿ. ಆ ಗಂಡಸರು ಹೆಂಗ ಅಳಾಕತ್ತಾರ ನೋಡ್ರಿ!" ಚಿಗವ್ವನಿಗೆ ಅಲ್ಲಿಯತನಕ ತಡೆದದ್ದೆಲ್ಲ ಒಮ್ಮೆಗೇ ಬಂತು. ಆಕೆ ಅತ್ತಳು, ಆಕೆಯನ್ನು ನೋಡಿ ಮನೆಯೆಲ್ಲ ಅತ್ತಿತು.

ಹೊರಡುವ ಮುಂಚೆ ಕಾಕಾ ಮತ್ತೊಮ್ಮೆ ಬಣವೆಯ ಹಿಂದೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲ. ಗಾಬರಿಯಿಂದ ಓಡಿದರೆ, ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದಾರೆ. ಎಡಗಡೆಯ ಇರುವೆಗಳೂ ಬಲಗಡೆಯ ಇರುವೆಗಳೂ ನಡುವೆ ಕೂಡಿಕೊಂಡು ಒಂದೇ ಸಾಲಾಗಿ ಹೊರಟಿದ್ದವು.

"ನೋಡಲೇ," ಎಂದರು ಕಾಕಾ, "ನಾವು ಒಳಗ ನೀ ಮೊದಲ, ನಾ ಮೊದಲ ಅಂತ ಜಗ್ಗಾಡಾಕತ್ತಿದ್ರ, ಇವು ಇಲ್ಲಿ ಆಗಲೇ ಬೀಗತನ ಮಾಡಿ ಮುಗಿಸ್ಯಾವ!"