ಚಿಕ್ಕಪ್ಪನ ಬೂಷ್ಟು ಪುರಾಣ

ನನ್ನ ಚಿಕ್ಕಪ್ಪನ ಕತ್ತು ಹಿಸುಕಬೇಕೆಂದು ನನಗೆ ಅನ್ನಿಸದ ಭಾನುವಾರವೇ ಇರಲಿಲ್ಲ! ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಈ ಮಹಾಶಯರು ಪ್ರಯೋಗಾಲಯದಲ್ಲಿ ಯೀಸ್ಟ್ ಸಾಕುವ ವಿಜ್ಞಾನಿ. ಸಾಕಲಿ, ಯಾರು ಬೇಡವೆಂದರು? ನಾವಿರುವ ರೋಹಿಣಿ ಬಡಾವಣೆಗೆ ಮೆಟ್ರೋ ಬಂದದ್ದೇ ತಡ, ವಾರವಾರವೂ ನಮ್ಮ ಹೋಟೆಲಿಗೆ ಬಂದು ಯೀಸ್ಟಿನ ಪುರಾಣ ಬಿಚ್ಚುವುದೇಕೆ?

ಒಮ್ಮೆ ಗಿರಾಕಿಯೊಬ್ಬ ಬಾಯಿ ಉರಿ ಎಂದ. ಚಟ್ನಿಯ ಖಾರಕ್ಕೆ ಸ್ವಾಮಿ! ಚಿಕ್ಕಪ್ಪ ಟಾರ್ಚ್ ಹಿಡಿದು, "ಭಯ್ಯಾ, ಮುಂಹ್ ಖೋಲೋ" ಎಂದು ಅವನ ಬಾಯಿ ತೆರೆಸಲು ಎದುರು ನಿಂತರು. ಅರ್ಧ ದೋಸೆ ಬಿಟ್ಟು ಎದ್ದವನು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ಅದನ್ನೂ ಸಹಿಸಿದೆ. ಆದರೆ ಸಕ್ಕರೆ ಕಾಯಿಲೆಯ ನನ್ನ ಅಮ್ಮನ ಬಾಯಲ್ಲಿ ಬೆಳ್ಳಗೆ ಬೂಷ್ಟು ಕಟ್ಟಿ, ಗಂಜಿಯೂ ಇಳಿಯದಾಯಿತು. ಅಮ್ಮ ಸಾಂಬಾರಿನ ರುಚಿ ನೋಡದೆ ನಮ್ಮ ಶಟರ್ ಏಳುತ್ತಿರಲಿಲ್ಲ. ಈಗ ಸೌಟು ಕಂಡರೆ ಮುಖ ತಿರುಗಿಸುತ್ತಿದ್ದರು. ಡಾಕ್ಟರ ಔಷಧಕ್ಕೆ ಹೋದದ್ದು ಮತ್ತೆ ಮತ್ತೆ ಬರುತ್ತಿತ್ತು. ಚಿಕ್ಕಪ್ಪನದು ಆಗಲೂ ಪಾಠವೇ!

"ಆ ಬೂಷ್ಟೂ ಒಂದು ಯೀಸ್ಟೇ ಮಾರಾಯ, ಅದರ ಮೈಮೇಲೆ ಪ್ರೋಟೀನ್ ಇರ್ತದೆ. ಅದೇ ಅದರ ಕೈ. ನಮ್ಮ ಕೆನ್ನೆಯ ಒಳಗಿನ ಜೀವಕೋಶ ಸಿಕ್ಕಿತೋ, ಗಬಕ್ಕನೆ ಹಿಡ್ಕೊಳ್ತದೆ. ಬಾಯಿ ಮುಕ್ಕಳಿಸಿದ್ರೆಲ್ಲ ಬಿಡೋದಿಲ್ಲ."

"ಅಮ್ಮ ಊಟ ಬಿಟ್ಟು ಕೂತಿದ್ದಾರೆ, ನಿಮಗೆ ಅದರ ಕೈಕಾಲಿನ ವರ್ಣನೆ! ನಾಚಿಕೆ ಆಗೋದಿಲ್ವಾ?" ಎಂದು ಕಿರುಚಿದೆ.

ಅವರು ಜಗ್ಗಲಿಲ್ಲ. "ಅದು ಕಟ್ಟಿಸಿದ ಹಲ್ಲಿನ ಸೆಟ್ಟನ್ನೂ ಹಿಡ್ಕೊಳ್ತದೆ. ಅತ್ತಿಗೆ, ಮಲಗುವಾಗ ತೆಗೆದಿಡ್ತೀರಾ?"

ಅಮ್ಮ ತಲೆ ತಗ್ಗಿಸಿದರು. ಡಾಕ್ಟರಿಗೆ "ತೆಗೀತೇನೆ" ಎಂದದ್ದು ಹಸಿ ಸುಳ್ಳು! ಬೊಚ್ಚುಬಾಯಿ ಯಾರಿಗೂ ಕಾಣಬಾರದೆಂದು ಹಗಲೂ ರಾತ್ರಿಯೂ ಹಾಕಿಕೊಂಡೇ ಇದ್ದರಂತೆ.

"ಈಗ ತೆಗೀರಿ, ತೊಳೆದು ತೋರಿಸ್ತೇನೆ."

"ಮೈದುನನ ಎದುರು? ಸತ್ತರೂ ಇಲ್ಲ!"

ಈಗ ಯಾರ ಮೇಲೆ ರೇಗಲಿ? ಚಿಕ್ಕಪ್ಪ ಎರಡು ಲೋಟ ನೀರು ತಂದಿಟ್ಟರು. ತಮ್ಮ ಬಾಯಿಗೆ ಬೆರಳು ಹಾಕಿ, ಮೇಲಿನ ಹಲ್ಲಿನ ಸಾಲನ್ನೇ ಕಳಚಿ ಒಂದರಲ್ಲಿ ಮುಳುಗಿಸಿದರು. ಅವರದೂ ಕಟ್ಟಿಸಿದ ಹಲ್ಲೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ನೋಡಿ ಅತ್ತಿಗೆ. ಇನ್ನು ಯಾರನ್ನು ನೋಡಿ ಯಾರು ನಗೋದು?" ಎಂದರು, ತೊದಲುತ್ತ.

ಅಮ್ಮ ಸೆರಗು ಅಡ್ಡ ಹಿಡಿದು, ತಮ್ಮದನ್ನು ಇನ್ನೊಂದು ಲೋಟಕ್ಕೆ ಹಾಕಿದರು.

ಅಂದಿನಿಂದ ದಿನಾ ರಾತ್ರಿ ಅಮ್ಮನ ಹಲ್ಲು ಲೋಟಕ್ಕಿಳಿಯಿತು. ತಿಂಗಳಾಗುವಷ್ಟರಲ್ಲಿ ಬೂಷ್ಟು ಮಾಯವಾಗಿ, ಒಂದು ಬೆಳಗ್ಗೆ ಅಮ್ಮ ತಾವಾಗಿಯೇ ಸೌಟಿಗೆ ಕೈ ಹಾಕಿ ಸಾಂಬಾರಿನ ರುಚಿ ನೋಡಿದರು. ನಾನು ಲೋಧಿ ಕಾಲೋನಿಗೆ ಫೋನ್ ಹಚ್ಚಿ ಸುದ್ದಿ ಹೇಳಿದೆ.

"ಏನಂದ್ರು?" ಎಂದರು ಚಿಕ್ಕಪ್ಪ.

"ಉಪ್ಪು ಸಾಲದಂತೆ."

ಯಾವುದಕ್ಕೂ ಬಾಯಿ ಮುಚ್ಚದ ಆ ಮನುಷ್ಯನ ಕಡೆಯಿಂದ ಅಂದು ಮೂಗು ಒರೆಸಿಕೊಳ್ಳುವ ಸದ್ದು ಮಾತ್ರ ಕೇಳಿತು.