ಎದುರುಮನೆಯವನು ನೋಡಿ ಬಂದ ಮ್ಯೂಸಿಯಂಗಳು

ನೇಕಾರರ ಬೀದಿಯಲ್ಲಿ ಒಂದು ಮನೆಗೆ ಅದೃಷ್ಟ ಬಂದರೆ ಎದುರುಮನೆಯವನಿಗೆ ಅನ್ನ ಸೇರುವುದಿಲ್ಲ. ಇದು ಆಗಾಗ ನಡೆಯುತ್ತಲೇ ಇರುತ್ತದೆ. ನನಗೆ ಅನ್ನ ಸೇರದಿದ್ದ ಕಾಲದ ಸಂಗತಿಗಳು ಇವು.

ನಾಲ್ಕು ಮಾತು

ಆಗ ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಅಲ್ಲಿಂದ ಒಬ್ಬ ಅಧಿಕಾರಿ ಬಂದ. ಬ್ರೆಜಿಲ್ ದೇಶದ ರಿಯೊ ಪಟ್ಟಣದಲ್ಲಿ ವಸ್ತುಪ್ರದರ್ಶನವಂತೆ. ಅಲ್ಲಿ ಮಗ್ಗ ಹೂಡಿ ರೇಷ್ಮೆ ಸೀರೆ ನೇಯ್ದು ತೋರಿಸಲು ಒಬ್ಬ ನೇಕಾರ ಬೇಕಂತೆ. ಬೀದಿಯ ಸೀರೆಗಳನ್ನೆಲ್ಲ ನೋಡಿ ನನ್ನದನ್ನೇ ಆರಿಸಿದ.

"ಇದನ್ನು ಹೇಗೆ ನೇಯ್ದಿರಿ? ನಾಲ್ಕು ಮಾತು ಹೇಳಿ."

"ನೇಯ್ದೆ ಸಾ."

ಮಿಕ್ಕ ಮಾತುಗಳಿಗೆ ಕಾದ. ಅಷ್ಟರಲ್ಲಿ ಎದುರುಮನೆಯವನು ನುಗ್ಗಿ ನನ್ನ ಸೀರೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ. ಸೀರೆ ನನ್ನದು ಹೋಯಿತು. ಹಡಗು ಹತ್ತಿದವನು ಅವನು.

ಪರದೆಯ ಹಿಂಬದಿ

ಆರು ತಿಂಗಳಿಗೆ ಬಂದ. ಸಂಜೆಯಾದರೆ ಅವನ ಜಗಲಿಯ ತುಂಬ ಜನ. ನನ್ನ ಜಗಲಿಯಲ್ಲಿ ನಾನೊಬ್ಬನೇ. ಆದರೂ ಎಲ್ಲ ಚೆನ್ನಾಗಿ ಕೇಳುತ್ತಿತ್ತು.

ಬಿಡುವಿದ್ದಾಗಲೆಲ್ಲ ಅವನು ರಿಯೊದ ಮ್ಯೂಸಿಯಂ ಸುತ್ತಿದ್ದನಂತೆ. ಒಂದರಲ್ಲಿ ಗೋಡೆಯಗಲದ ಪರದೆ. ಬಣ್ಣದ ನೂಲಿನಲ್ಲೇ ರಾಜ, ಕುದುರೆ, ಯುದ್ಧ ಎಲ್ಲ ನೇಯ್ದಿತ್ತು. ಜನ ಮುಂದೆ ನಿಂತು ನೋಡುತ್ತಿದ್ದರೆ ಇವನು ಅಂಚು ಹಿಡಿದೆತ್ತಿ ಹಿಂಬದಿ ನೋಡಿದ. ಕಾವಲಿನವನು ಓಡಿ ಬಂದ.

"ಬೈದ್ನಾ?" ಎಂದು ಯಾರೋ ಕೇಳಿದರು.

"ಬೈದ. ನಾನೂ ಬೈದೆ. ಮುಂದ್ಗಡೆ ರಾಜ, ಹಿಂದ್ಗಡೆ ಬರೀ ಗಂಟು. ಇಂಥದ್ನ ನಮ್ಮ ಬೀದೀಲಿ ನೇದಿದ್ರೆ ಮೊಕಕ್ಕೆ ಎಸೀತಿದ್ರು ಕಣಯ್ಯಾ ಅಂದೆ."

"ಕನ್ನಡದಲ್ಲಾ? ಅವ್ನಿಗೇನ್ ಅರ್ತಾಯ್ತದೆ?"

"ಅವನೇ ಪರದೆ ಎತ್ತಿ ನೋಡ್ದ ಕಣ್ಲಾ!"

ನನಗೂ ನಗು ಬಂತು. ಕೆಮ್ಮಿದೆ.

ಸುತ್ತಿದ ಬಟ್ಟೆ

ಇನ್ನೊಂದು ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸಾವಿರಾರು ವರ್ಷದ ಹೆಣ. ಮೈಯೆಲ್ಲ ಬಟ್ಟೆ ಸುತ್ತಿತ್ತಂತೆ. ಹೆಣ ಯಾರದೆಂದು ಇವನು ಕೇಳಲಿಲ್ಲ. ಗಾಜಿಗೆ ಮೂಗು ಒತ್ತಿ, ಇಂಚಿಗೆ ಎಷ್ಟು ಎಳೆ ಎಂದು ತುಟಿಯಲ್ಲೇ ಎಣಿಸತೊಡಗಿದ. ಪಕ್ಕದಲ್ಲಿದ್ದ ದೊರೆಸಾನಿ, ಸತ್ತವರ ಕಡೆಯವನು ಪ್ರಾರ್ಥನೆ ಮಾಡುತ್ತಿದ್ದಾನೆಂದು ತಿಳಿದು ಇವನ ಬೆನ್ನು ಸವರಿದಳು.

"ನೀನೇನ್ ಮಾಡ್ದಲಾ?"

"ಲೆಕ್ಕ ತಪ್ಪೋಯ್ತು, ಅಳು ಬಂತು. ಪಾಪ, ಅವ್ಳೂ ಅತ್ಲು."

ಜಗಲಿಯೆಲ್ಲ ನಕ್ಕಿತು. ನಾನಾಗಿದ್ದರೆ ಲೆಕ್ಕ ತಪ್ಪುತ್ತಿರಲಿಲ್ಲ.

ಮೂಳೆ

ಹೊಟ್ಟೆಯುರಿ ತಡೆಯಲಾಗಲಿಲ್ಲ. ಒಂದು ಸಂಜೆಯಾದರೂ ಜನ ನನ್ನ ಜಗಲಿಗೆ ಬರಬೇಕು ಎನಿಸಿತು. ಹೆಂಡತಿಯನ್ನು ಕರೆದುಕೊಂಡು ಮದರಾಸಿನ ಮ್ಯೂಸಿಯಂಗೆ ಹೋದೆ. ಸತ್ತ ಪ್ರಾಣಿಗಳನ್ನು ಇಟ್ಟಿದ್ದರಿಂದ ಅಲ್ಲಿನ ಜನ ಅದನ್ನು ಸತ್ತ ಕಾಲೇಜು ಎನ್ನುತ್ತಿದ್ದರು. ಇಡೀ ದಿನ ಸುತ್ತಿದೆವು.

ವಾಪಸು ಬಂದವನೇ ಎಲೆ ಅಡಿಕೆ ತಟ್ಟೆ ಇಟ್ಟು ಬೀದಿಯನ್ನೆಲ್ಲ ಕರೆದೆ. ಬಂದರು. ಎದುರುಮನೆಯವನೂ ಬಂದ.

"ಏನೇನ್ ನೋಡ್ದಣ್ಣ?"

"ತಿಮಿಂಗಿಲದ ಮೂಳೆ."

"ಎಂಗಿತ್ತು?"

"ಉದ್ದಕ್ಕಿತ್ತು."

ಕಾದರು. ಒಬ್ಬ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಎದ್ದ.

"ಕೂತ್ಕಳಿ, ಕೂತ್ಕಳಿ," ಎಂದ ಎದುರುಮನೆಯವನು. "ಅಣ್ಣ ಒಳಕ್ಕೆ ಓದ್ನಾ, ಮೂಳೆ ನೋಡಿದ್ದೇ ಮೊಳ ಹಾಕಕ್ಕೆ ಸುರು ಮಾಡ್ದ..."

ಆ ಮ್ಯೂಸಿಯಂನ ಬಾಗಿಲನ್ನೂ ಅವನು ಕಂಡಿರಲಿಲ್ಲ. ನಾನು ಮೊಳ ಹಾಕುತ್ತ ತಿಮಿಂಗಿಲದ ಬಾಯಿಯೊಳಗೆ ಹೋದೆನಂತೆ. ನನ್ನವಳು ಹೊರಗೆ ನಿಂತು ಪಂಚೆ ಹಿಡಿದು ಎಳೆದಳಂತೆ. ಜನ ಬಿದ್ದು ಬಿದ್ದು ನಕ್ಕರು. ಸುಳ್ಳು ಎನ್ನಲು ಬಾಯಿ ತೆರೆದೆ.

"ನೀವು ಸುಮ್ಕಿರಿ," ಎಂದು ನನ್ನ ಹೆಂಡತಿ ಗದರಿದಳು. ಆಮೇಲೆ ಅವನ ಕಡೆ ತಿರುಗಿ ಕೇಳಿದಳು:

"ಆಮ್ಯಾಕೆ ನಾವೇನ್ ಮಾಡ್ದೊ ಅಣ್ಣಾ?"