ಟಿ.ವಿ. ಕೆಳಗಿನ ಪೆಟ್ಟಿಗೆಯವರಿಗೆ, ನಮ್ಮ ಚಿಕ್ಕತ್ತೆಯ ನಾಲ್ಕು ಸೆಕೆಂಡುಗಳ ವಿಷಯವಾಗಿ

ಪರಮಮಾನ್ಯ ಮೀಡಿಯಾ ಪ್ಲೇಯರ್ ಅವರ ಸನ್ನಿಧಿಗೆ, ನಡುಕೋಣೆಯ ಸೋಫಾದ ಎಡತುದಿಯಿಂದ, ಬ್ಯಾಟರಿ ಮುಗಿದ ರಿಮೋಟನ್ನು ಎರಡೂ ಕೈಗಳ ನಡುವೆ ಇಟ್ಟುಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಹಣೆಯ ನೀಲಿ ದೀಪ ಮಿನುಗುತ್ತಿರುವುದರಿಂದ ತಾವು ಕ್ಷೇಮವೆಂದು ತಿಳಿದಿದ್ದೇನೆ. ಅದು ಕೆಂಪಾಗಿದ್ದ ದಿನಗಳಲ್ಲೂ ನಾನು ಹಾಗೆಯೇ ತಿಳಿದಿದ್ದೆ. ತಾವು ಹಾಗೆ ತಿಳಿದಿರಲಿಲ್ಲ, ಅಷ್ಟೇ.

ತಾವು ನಮ್ಮ ಮನೆಗೆ ದಯಮಾಡಿಸಿದಾಗ ನನ್ನ ಬಳಿ ಮುನ್ನೂರ ಹನ್ನೆರಡು ಸಿನಿಮಾ ಡಿಸ್ಕುಗಳಿದ್ದವೆಂಬುದು ತಮಗೆ ತಿಳಿದಿರಲಾರದು, ಏಕೆಂದರೆ ಡಿಸ್ಕು ನುಂಗುವಂಥ ಬಾಯಿಯನ್ನೇ ತಾವು ಪಡೆದು ಬಂದಿಲ್ಲ. ತಮಗೆ ಬಾಯಿಲ್ಲದಿದ್ದರೇನಂತೆ, ನನಗೆ ಕೈಯಿದೆಯಲ್ಲ ಎಂದುಕೊಂಡು, ಐದು ವಾರಗಳ ಕಾಲ ಕಾಲೇಜಿನ ಗ್ರಂಥಾಲಯದಿಂದ ಮನೆಗೆ ಬಂದವನೇ ಒಂದೊಂದು ಡಿಸ್ಕನ್ನೂ ಕಂಪ್ಯೂಟರಿಗೆ ಉಣಿಸಿ, ಅದರೊಳಗಿನ ಸಿನಿಮಾವನ್ನು ಇಳಿಸಿಕೊಂಡು, ಅಂದರೆ ಬಲ್ಲವರ ಮಾತಿನಲ್ಲಿ 'ರಿಪ್' ಮಾಡಿ, ತಮ್ಮ ಹೊಟ್ಟೆಗೆ ತುಂಬಿದೆ. ಪ್ರತಿ ಡಿಸ್ಕಿನಲ್ಲೂ ಹತ್ತಾರು ಕಡತಗಳಿರುತ್ತವೆ. ಇಪ್ಪತ್ತೆರಡು ವರ್ಷ ಪುಸ್ತಕ ಜೋಡಿಸಿದ ಗ್ರಂಥಪಾಲಕನಾದ ನಾನು, ದಪ್ಪಗಿರುವುದೇ ಗ್ರಂಥ, ತೆಳ್ಳಗಿರುವುದು ಬೆಲೆಪಟ್ಟಿ ಎಂಬ ವೃತ್ತಿಜ್ಞಾನವನ್ನು ಇಲ್ಲಿಗೂ ತಂದು, ಎಲ್ಲಕ್ಕಿಂತ ಉದ್ದವಾದ ಕಡತವನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಕೈಬಿಟ್ಟೆ. ಖಾಲಿಯಾದ ಕಪಾಟಿಗೆ ನನ್ನ ಹೆಂಡತಿ ತನ್ನ ಹೊಲಿಗೆಯ ಸಾಮಾನು ತುಂಬಿಕೊಂಡಳು. ಡಿಸ್ಕುಗಳನ್ನು ದಾರಕ್ಕೆ ಪೋಣಿಸಿ, ಪಾರಿವಾಳಗಳು ಬೆದರಲೆಂದು ಬಾಲ್ಕನಿಯ ಉದ್ದಕ್ಕೂ ತೂಗುಹಾಕಿದಳು. ಪಾರಿವಾಳಗಳು ಬೆದರಲಿಲ್ಲ. ಈಗ ಅವು ಮುಖ ನೋಡಿಕೊಳ್ಳಲೆಂದೇ ಪಕ್ಕದ ಬೀದಿಯಿಂದ ಬರುತ್ತವೆ.

ತಮ್ಮ ಪಾಂಡಿತ್ಯಕ್ಕೆ ನಾನು ಮೊದಲ ದಿನವೇ ಮಾರುಹೋದೆ. ಕಡತದ ಹೆಸರು ನೋಡಿದ ಮಾತ್ರಕ್ಕೆ ಅದು ಯಾವ ಸಿನಿಮಾವೆಂದು ತಾವೇ ಊಹಿಸಿ, ಪೋಸ್ಟರು, ಕಥಾಸಾರ, ನಟರ ವಯಸ್ಸು ಎಲ್ಲವನ್ನೂ ಅಂಟಿಸಿಬಿಡುತ್ತೀರಿ. 'ನಾಯಿಮರಿಯ ಆರೈಕೆ' ಎಂಬ ನನ್ನ ಹೆಂಡತಿಯ ಪಾಠದ ಡಿಸ್ಕಿಗೆ ತಾವು ಹಚ್ಚಿದ ಕಥಾಸಾರದಲ್ಲಿ ಇಬ್ಬರು ದಳಪತಿಗಳು ಸಾಯುತ್ತಾರೆ. ನನ್ನ ಗ್ರಂಥಾಲಯದಲ್ಲಿ ಇಷ್ಟು ಧೈರ್ಯದ ಸಹಾಯಕರೊಬ್ಬರಿದ್ದಿದ್ದರೆ ಅಡುಗೆ ಪುಸ್ತಕಗಳೆಲ್ಲ ಇಷ್ಟು ಹೊತ್ತಿಗೆ ರಸಾಯನಶಾಸ್ತ್ರದ ಕಪಾಟಿನಲ್ಲಿರುತ್ತಿದ್ದವು.

ಇಷ್ಟರವರೆಗೆ ದೂರಿಲ್ಲ. ದೂರು ಇರುವುದು ನಮ್ಮ ಚಿಕ್ಕತ್ತೆಯ ವಿಷಯದಲ್ಲಿ.

ಚಿಕ್ಕತ್ತೆ, ಅಂದರೆ ನಮ್ಮಪ್ಪನ ಕಿರಿಯ ತಂಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು, ನಮ್ಮೊಂದಿಗೇ ಇರುವವರು. ಇಪ್ಪತ್ತೆರಡರ ವಯಸ್ಸಿನಲ್ಲಿ ಅವರು ರೈಲು ಹಿಡಿಯಲು ಹೋದಾಗ ಪ್ಲಾಟ್‌ಫಾರಮ್ಮಿನಲ್ಲಿ ಸಿನಿಮಾ ಚಿತ್ರೀಕರಣ ನಡೆದಿತ್ತು. ನಾಯಕನ ಹಿಂದೆ ಕೊಡೆ ಹಿಡಿದು ನಡೆದುಹೋಗಿ ಎಂದರಂತೆ, ಇವರು ಹೋದರಂತೆ. ಸಿನಿಮಾ ಬಂದಾಗ ಮನೆಮಂದಿಯನ್ನೆಲ್ಲ ಟಾಕೀಸಿಗೆ ಕರೆದೊಯ್ದು, ಈಗ ಬರುತ್ತೆ, ಇನ್ನೇನು ಬರುತ್ತೆ ಎನ್ನುತ್ತ ಎರಡು ಆಟ ಕೂರಿಸಿದರು. ಬರಲಿಲ್ಲ. ಅಂದಿನಿಂದ ನಲವತ್ತೈದು ವರ್ಷ, ಅವರ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ತಂಗಿಯನ್ನು ಕರೆಯುವುದೇ 'ಸಿನಿಮಾ ಸ್ಟಾರ್' ಎಂದು. ಹಲವು ವರ್ಷಗಳ ಮೇಲೆ ಆ ಸಿನಿಮಾದ ಡಿಸ್ಕು ಮಾರುಕಟ್ಟೆಗೆ ಬಂದಾಗ, ಅದರ ಕೊನೆಯಲ್ಲಿ, ಕತ್ತರಿಸಿ ತೆಗೆದ ದೃಶ್ಯಗಳ ಸಾಲಿನಲ್ಲಿ, ಚಿಕ್ಕತ್ತೆ ಸಿಕ್ಕಿದರು: ನಾಲ್ಕು ಸೆಕೆಂಡು, ಕೊಡೆ ಸಮೇತ, ನೇರವಾಗಿ ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತ. ದೃಶ್ಯವನ್ನು ಏಕೆ ಕತ್ತರಿಸಿದರೆಂಬುದೂ ಅಲ್ಲಿಗೆ ಬಗೆಹರಿಯಿತು. ಆದರೆ ದೊಡ್ಡತ್ತೆ ದೂರದೂರಿನವರು, ಮಂಡಿನೋವಿನವರು. ಅವರಿಗೆ ಅದನ್ನು ತೋರಿಸುವ ಯೋಗ ಕೂಡಿಬಂದಿರಲಿಲ್ಲ.

ಕಳೆದ ಗುರುವಾರ ದೊಡ್ಡತ್ತೆಯ ಫೋನ್ ಬಂತು. ಮಂಡಿ ತೋರಿಸಲು ಭಾನುವಾರ ಬರುತ್ತಾರಂತೆ. ಚಿಕ್ಕತ್ತೆ ಕನ್ನಡಕ ಒರೆಸಿಕೊಂಡು ತಮ್ಮ ಮುಂದೆ ಕುಳಿತು, ಎಲ್ಲಿ, ನನ್ನ ಸೀನು ಹಾಕು ಎಂದರು. ತಾವು ಸಿನಿಮಾ ಹಾಕಿದಿರಿ. ಸಿನಿಮಾ ಮುಗಿಯಿತು. ಅದರಾಚೆ ಏನೂ ಇರಲಿಲ್ಲ, ಏಕೆಂದರೆ ನಮ್ಮ ಚಿಕ್ಕತ್ತೆ ಬೆಲೆಪಟ್ಟಿಯ ಜೊತೆ ಹೋಗಿದ್ದರು.

ಅವರು ಕಿರುಚಲಿಲ್ಲ. "ಮೊದಲು ಸಿನಿಮಾದವರು ಕತ್ತರಿಸಿದ್ರು. ಈಗ ಸ್ವಂತ ಅಣ್ಣನ ಮಗನೇ ಕತ್ತರಿಸಿದ. ಇರ್ಲಿ ಬಿಡಪ್ಪ, ಅಕ್ಕ ಹೇಳ್ತಿದ್ದದ್ದೇ ನಿಜ ಅಂದ್ಕೋತೀನಿ" ಎಂದು ಎದ್ದುಹೋದರು. ಅಂದು ರಾತ್ರಿ ಅವರು ಊಟಕ್ಕೆ ಬರಲಿಲ್ಲ, ನಾನು ಊಟಕ್ಕೆ ಕೂತೆ, ಆದರೆ ನನ್ನ ಹೆಂಡತಿ ಬಡಿಸಲಿಲ್ಲ.

ಮರುದಿನ ರಜೆ ಹಾಕಿ, ಸ್ಟೂಲು ಹತ್ತಿ, ಪಾರಿವಾಳಗಳ ಸಿಂಗಾರಕ್ಕೆ ಅಡ್ಡಿಪಡಿಸಿ, ದಾರದಿಂದ ದಾರಕ್ಕೆ ಹುಡುಕಿದೆ. ಇನ್ನೂರ ನಲವತ್ತನೆಯದೋ ಏನೋ, ಸಿಕ್ಕಿತು. ಅದರ ಮೇಲೆ ಪಾರಿವಾಳಗಳು ತಮ್ಮ ವಿಮರ್ಶೆಯನ್ನು ಧಾರಾಳವಾಗಿ ಬರೆದಿದ್ದವು. ಸೋಪು ಹಚ್ಚಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಕೆಮ್ಮುವ ಕಂಪ್ಯೂಟರಿಗೆ ಏಳು ಸಲ ಉಣಿಸಿದ ಮೇಲೆ ಆ ತುಣುಕು ಇಳಿಯಿತು. ತಾವು ಅದನ್ನು ಕಂಡೊಡನೆ 'ಕಡಲಾಳದ ರಾಕ್ಷಸಿ' ಎಂದು ಹೆಸರಿಟ್ಟು, ಹದಿನೆಂಟು ತುಂಬಿದವರಿಗೆ ಮಾತ್ರ ಎಂದು ಮೊಹರು ಹಾಕಿದಿರಿ. ಚಿಕ್ಕತ್ತೆ ಅದನ್ನೋದಿ, "ನನಗೆ ತುಂಬಿದೆ, ಹಾಕು" ಎಂದರು. ಮನೆಯಲ್ಲಿ ಮತ್ತೆ ಊಟ ಸಿಗತೊಡಗಿತು.

ಭಾನುವಾರ ದೊಡ್ಡತ್ತೆ ಬಂದರು, ಮಂಡಿಗೆ ದಿಂಬು ಇಟ್ಟುಕೊಂಡು ಕುಳಿತರು, "ತೋರಿಸ್ರಪ್ಪ ನಮ್ಮ ಸಿನಿಮಾ ಸ್ಟಾರನ್ನ" ಎಂದರು. ನಾನು ಗುಂಡಿ ಒತ್ತಿದೆ. ರೈಲು ಬಂತು, ನಾಯಕ ಬಂದ, ಅವನ ಹೆಗಲ ಹಿಂದಿನಿಂದ ಕೊಡೆ ಬಂತು, ಕೊಡೆಯ ಕೆಳಗೆ ಚಿಕ್ಕತ್ತೆ ಬಂದು ಇತ್ತ ತಿರುಗಿ ನೋಡಿದರು, ಮತ್ತು ಮಾನ್ಯರೇ, ಆ ಗಳಿಗೆಯಲ್ಲಿ ತಾವು ನಿಂತುಹೋದಿರಿ. ಪರದೆಯ ನಡುವೆ, ಸರಿಯಾಗಿ ನಾಯಕನ ಮೂಗಿನ ಮೇಲೆ, ತಮ್ಮ ಬಿಳಿ ಚಕ್ರ ತಿರುಗತೊಡಗಿತು. ನಾನು ರಿಮೋಟಿನ ಎಲ್ಲ ಗುಂಡಿಗಳನ್ನೂ ಒತ್ತಿದೆ. ತಾವು ಪೆಟ್ಟಿಗೆ ಮಾತ್ರ ಬಗ್ಗುವ ಪೆಟ್ಟಿಗೆಯೆಂದು ಅರಿತಿರುವ ನನ್ನ ಹೆಂಡತಿ ಕೈ ಎತ್ತಿದಳು. ಚಿಕ್ಕತ್ತೆ ಅವಳ ಕೈ ಹಿಡಿದರು. "ಮುಟ್ಬೇಡ ಕಣೇ. ಹಾಗೇ ಇರ್ಲಿ."

ಹನ್ನೊಂದು ನಿಮಿಷ ಹಾಗೇ ಇತ್ತು. ದೊಡ್ಡತ್ತೆ ಕನ್ನಡಕ ಹಾಕಿಕೊಂಡರು. ಆಮೇಲೆ, ಮಂಡಿಯನ್ನು ಮರೆತು ಎದ್ದು, ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಇದು ನನ್ನ ಕೊಡೆ ಅಲ್ವೇನೇ?"

ಚಿಕ್ಕತ್ತೆ ಚಾವಣಿ ನೋಡಿದರು.

"ಹಿಡಿ ಹತ್ರ ನಾನೇ ಕೆಂಪು ದಾರ ಸುತ್ತಿದ್ದೆ, ನೋಡು, ಇಲ್ಲೇ ಇದೆ! ಬಸ್ಸಲ್ಲಿ ಕಳೆದುಹೋಯ್ತು ಅಂದಿದ್ಯಲ್ಲೇ ಕಳ್ಳಿ!"

"ರೈಲಲ್ಲಿ ಅಂದಿದ್ದೆ ಅಕ್ಕಾ," ಎಂದರು ಚಿಕ್ಕತ್ತೆ. "ಅಂತೂ ನಾನು ಸಿನಿಮಾದಲ್ಲಿ ಇದ್ದೆ ಅಂತ ಒಪ್ಕೊಂಡೆಯಲ್ಲ!"

ದೊಡ್ಡತ್ತೆ ಹನ್ನೊಂದು ನಿಮಿಷದಲ್ಲಿ ಉಳಿದ ಹೊತ್ತನ್ನೆಲ್ಲ ಆ ಕೊಡೆಯ ಬಗ್ಗೆ ಬೈದು, ಸಂಜೆ ಫೋನಿನಲ್ಲಿ ಮಗಳಿಗೆ ಹೇಳಿದ್ದು ಹೀಗೆ: "ನಿನ್ನ ಚಿಕ್ಕಮ್ಮ ಸಿನಿಮಾದಲ್ಲಿ ಇದ್ದಾಳೆ ಕಣೇ, ನನ್ನ ಕೊಡೇನೂ ಇದೆ."

ಆದ್ದರಿಂದ ತಮ್ಮಲ್ಲಿ ವಿನಯಪೂರ್ವಕ ಬೇಡಿಕೆ: ಎರಡು ವರ್ಷಗಳಿಂದ ಕೊಲೆಗಾರ ಯಾರೆಂದು ತಿಳಿಯುವ ಹೊತ್ತಿಗೆ ಸರಿಯಾಗಿ ನಿಲ್ಲುವ ಅಭ್ಯಾಸವನ್ನು ತಾವು ಬಿಡಬೇಕು, ಆದರೆ ನಿಲ್ಲುವುದನ್ನೇ ಬಿಡಬಾರದು, ಎಲ್ಲಿ ಒಬ್ಬರಿಗೆ ನಾಲ್ಕೇ ಸೆಕೆಂಡು ಸಿಕ್ಕಿದೆಯೋ ಅಲ್ಲಿ ನಿಲ್ಲಬೇಕು.

ಪಾಸ್‌ವರ್ಡು ಮರೆತರೂ ತಮ್ಮನ್ನು ಮರೆಯದ,
ತಮ್ಮ ವಿಶ್ವಾಸಿ,
ರಿಮೋಟಿನ ಹಾಲಿ ಉಸ್ತುವಾರಿ

ತಾ.ಕ.: ನಿನ್ನೆ ತಾವು ಯಾರನ್ನೂ ಕೇಳದೆ ತಮ್ಮ ತಂತ್ರಾಂಶವನ್ನು ಹೊಸದು ಮಾಡಿಕೊಂಡಿರಿ. ಇಂದು ಪಕ್ಕದ ಮನೆಯವರಿಗೆ ಆ ದೃಶ್ಯ ಹಾಕಿದರೆ ತಾವು ಎಲ್ಲೂ ತಡವರಿಸದೆ ಓಡಿಸಿದಿರಿ, ಚಿಕ್ಕತ್ತೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ, ನೋಡಲು ಬಂದವರು "ಎಲ್ಲಿ?" ಎಂದರು. ತಮ್ಮ ದೋಷವನ್ನು ಕೂಡಲೇ ಹಿಂದಿರುಗಿಸಬೇಕಾಗಿ ಪ್ರಾರ್ಥನೆ. ತಪ್ಪಿದಲ್ಲಿ ತಮ್ಮನ್ನೂ ದಾರಕ್ಕೆ ಪೋಣಿಸಲಾಗುವುದು. ಪಾರಿವಾಳಗಳು ಒಪ್ಪಿವೆ.